ಮುಚ್ಚಿಟ್ಟ ಗುರುತು

ರೈಲು ನಿಲ್ದಾಣದ ಮೂರನೇ ಪ್ಲಾಟ್‌ಫಾರಂನ ತುದಿಯಲ್ಲಿ, ದೊಡ್ಡ ಗಡಿಯಾರದ ಕೆಳಗೆ, ಮೊಳಕೈ ಊರುವಷ್ಟೇ ಅಗಲದ ಒಂದು ಕಿಟಕಿ ಇತ್ತು. ‘ಕಳೆದುಹೋದ ಸಾಮಾನುಗಳು’ ಎಂದು ಅದರ ಮೇಲೆ ಬರೆದಿತ್ತು. ಆ ಕಿಟಕಿಯ ಹಿಂದೆ ಮೂವತ್ತೊಂದು ವರ್ಷ ಕೂತವರು ಚೀಟಿ ಮಾವ.

ಹೆಸರು ಬಂದದ್ದು ಕೆಲಸದಿಂದಲೇ. ಸಿಕ್ಕಿದ ಪ್ರತಿಯೊಂದು ಸಾಮಾನಿಗೂ ಅವರು ದಪ್ಪ ಕಾಗದದ ಚೀಟಿ ಬರೆದು, ದಾರದಲ್ಲಿ ಕಟ್ಟಿ, ಗೂಡಿನಲ್ಲಿಡುತ್ತಿದ್ದರು. ಆ ಚಟ ಮನೆಗೂ ಬಂತು. ಅಡುಗೆಮನೆಯ ಡಬ್ಬಿಗಳಿಗೆ ಚೀಟಿ ಅಂಟಿತು, ಬೀಗದಕೈಗಳಿಗೆ ಅಂಟಿತು, ಮಗಳ ಆಟಿಕೆಗಳನ್ನೂ ಬಿಡಲಿಲ್ಲ. ಸಾಕಾಗಿಹೋದ ಹೆಂಡತಿ ಒಂದು ಬೆಳಿಗ್ಗೆ ಅವರ ಕೋಟಿನ ಬೆನ್ನಿಗೇ ಒಂದು ಚೀಟಿ ಚುಚ್ಚಿ ಕಳಿಸಿದಳು: ‘ಸಿಕ್ಕಿದವರು ಸಂಜೆ ಆರರೊಳಗೆ ಮನೆಗೆ ತಲುಪಿಸಿ.’ ಇಡೀ ದಿನ ನಿಲ್ದಾಣದ ಕೂಲಿಗಳು ಅವರ ಬೆನ್ನ ಹಿಂದೆ ಕಿಸಿಕಿಸಿ ನಕ್ಕರು. ಅಂದಿನಿಂದ ಬೀದಿಗೆಲ್ಲ ಅವರು ಚೀಟಿ ಮಾವನಾದರು.

ಅಲ್ಲಿ ಕೂತು ಅವರು ಕಲಿತ ವಿದ್ಯೆ ಇಷ್ಟೇ. ಜನ ಸಾಮಾನನ್ನು ಇದ್ದ ಹಾಗೆ ಕೇಳುವುದಿಲ್ಲ, ನೆನಪಿನಲ್ಲಿ ಉಳಿದ ಹಾಗೆ ಕೇಳುತ್ತಾರೆ. ಬೂದು ಬಣ್ಣದ ಚೀಲ ಕಳೆದುಕೊಂಡಾಕೆ ‘ಹಸಿರು ಚೀಲ’ ಎನ್ನುತ್ತಾಳೆ, ಯಾಕೆಂದರೆ ಒಳಗಿನ ಅಸ್ತರಿ ಹಸಿರು. ಕೈ ಹಾಕಿದಾಗಲೆಲ್ಲ ಅವಳ ಕಣ್ಣಿಗೆ ಬಿದ್ದದ್ದು ಅದು. ಹಾಗಾಗಿ ಚೀಲ ಕೈಗೆ ಬಂದ ಕೂಡಲೆ ಚೀಟಿ ಮಾವ ಕಣ್ಣು ಮುಚ್ಚುತ್ತಿದ್ದರು. ಇದನ್ನು ಕೇಳಿಕೊಂಡು ಬರುವವರು ಯಾರು? ಓಡಿಬಂದಿದ್ದಾರೋ, ನಿಧಾನವಾಗಿ ಬಂದಿದ್ದಾರೋ? ಅವರ ಬಾಯಿಂದ ಮೊದಲು ಬೀಳುವ ಮಾತು ಯಾವುದು? ಆ ಮಾತನ್ನೇ ಚೀಟಿಯ ಮೇಲೆ ಬರೆಯುತ್ತಿದ್ದರು. ಬಾಗಿಲ ಬಳಿಯ ಹಲಗೆಯ ಮೇಲೂ ಅದನ್ನೇ ಏರಿಸುತ್ತಿದ್ದರು.

ಒಂದನ್ನು ಬಿಟ್ಟು. ಅದು ಆ ಕಚೇರಿಯ ಹಳೆಯ ಕಟ್ಟಳೆ. ಪ್ರತಿ ಸಾಮಾನಿನಲ್ಲೂ ಅದರದೇ ಆದ ಒಂದು ಗುರುತು ಇರುತ್ತದೆ. ಅದನ್ನು ಹಲಗೆಯ ಮೇಲೆ ಬರೆಯಕೂಡದು. ಬೇರೊಂದು ಸಣ್ಣ ಚೀಟಿಯಲ್ಲಿ ಬರೆದು, ಮಡಚಿ, ಡಬ್ಬಿಯಲ್ಲಿಡಬೇಕು. ಒಮ್ಮೆ ಒಂದೇ ಕಪ್ಪು ಛತ್ರಿಗೆ ಮೂವರು ಬಂದಿದ್ದರು. ಹಲಗೆಯನ್ನು ಓದಿಕೊಂಡೇ ಬಂದಿದ್ದರಿಂದ ಮೂವರೂ ಪಾಠ ಒಪ್ಪಿಸಿದ ಹಾಗೆ ಒಂದೇ ವರ್ಣನೆ ಕೊಟ್ಟರು. “ಮತ್ತೇನಾದ್ರೂ ಇದೆಯಾ?” ಎಂದು ಚೀಟಿ ಮಾವ ಕೇಳಿದಾಗ ಇಬ್ಬರು ತಬ್ಬಿಬ್ಬಾದರು. ಮೂರನೆಯವನು ನಾಚುತ್ತ, “ಹಿಡಿ ಮೇಲೆ ಹಲ್ಲಿನ ಗುರುತಿದೆ ಸಾರ್. ಹಲ್ಲು ಬರುವಾಗ ನನ್ನ ಮಗು ಕಚ್ಚಿದ್ದು” ಎಂದ. ಛತ್ರಿ ಅವನ ಕೈ ಸೇರಿತು. ಸಿಕ್ಕಿದ ಸಾಮಾನಿಗಿಂತ ಆ ಮಡಚಿದ ಚೀಟಿಯನ್ನೇ ಚೀಟಿ ಮಾವ ಹೆಚ್ಚು ಜೋಪಾನ ಮಾಡುತ್ತಿದ್ದರು.

ನಿವೃತ್ತಿಗೆ ಇನ್ನೂ ಒಂದು ವರ್ಷವಿದ್ದಾಗ ಹೆಂಡತಿ ತೀರಿಕೊಂಡಳು. ಅದಾಗಿ ಎರಡು ವರ್ಷ. ಈಗ ಮಹಡಿಯ ಮೇಲಿನ ಎರಡು ಕೋಣೆಗಳಲ್ಲಿ ಅವರು ಮತ್ತು ಮಗಳು. ಕೆಳಗೆ ಅವರ ತಂಗಿ, ಹೊಲಿಗೆಯವಳು. ಅವಳ ಯಂತ್ರ ಬೆಳಗಿನಿಂದ ಕಟಕಟ ಎನ್ನುತ್ತಿತ್ತು, ನಡುನಡುವೆ ಅವಳ ನಾಲಿಗೆಯೂ.

ಮಗಳನ್ನು ಅವರು ಕರೆಯುತ್ತಿದ್ದುದು ಗುಬ್ಬಿ ಎಂದು. ವಯಸ್ಸು ಇಪ್ಪತ್ತೊಂಬತ್ತಾದರೂ ಗುಬ್ಬಿಯೇ. ಫೋಟೋ ಪ್ರಿಂಟ್ ಮಾಡುವ ಅಂಗಡಿಯಲ್ಲಿ ಆರು ವರ್ಷ ಬೇರೆಯವರ ಚಿತ್ರಗಳನ್ನು ಕತ್ತರಿಸಿ ಲಕೋಟೆಗೆ ಹಾಕಿ ಕೊಟ್ಟವಳು, ಒಂದು ದಿನ ಕೆಲಸ ಬಿಟ್ಟು ತನ್ನದೇ ಕ್ಯಾಮೆರಾ ಹೆಗಲಿಗೇರಿಸಿದಳು. ತೆಗೆದ ಫೋಟೋಗಳನ್ನು ಇಂಟರ್ನೆಟ್ಟಿನ ಒಂದು ತಾಣಕ್ಕೆ ಏರಿಸುತ್ತಿದ್ದಳು. ಪತ್ರಿಕೆಯವರು, ಜಾಹೀರಾತಿನವರು, ಪಾಠದ ಪುಸ್ತಕ ಮಾಡುವವರು ಎಲ್ಲೆಲ್ಲಿಂದಲೋ ಬಂದು ಬೇಕಾದ ಚಿತ್ರವನ್ನು ಹುಡುಕಿ ಕೊಂಡುಕೊಳ್ಳುವ ಜಾಗ ಅದು. ಪ್ರಿಂಟ್ ಅಂಗಡಿಯ ಯಜಮಾನ ಒಳ್ಳೆಯವನು. “ನಾಲ್ಕು ತಿಂಗಳು ನಿನ್ನ ಜಾಗ ಖಾಲಿ ಇಟ್ಟಿರ್ತೀನಮ್ಮ. ಆಮೇಲೆ ಬೇರೆಯವರನ್ನ ತಗೋಬೇಕಾಗುತ್ತೆ” ಎಂದಿದ್ದ. ಗುಬ್ಬಿಯೂ ತನಗೆ ತಾನೇ ಮಾತು ಕೊಟ್ಟುಕೊಂಡಿದ್ದಳು: ಅಷ್ಟರೊಳಗೆ ಒಂದಾದರೂ ಫೋಟೋ ಮಾರಾಟವಾದರೆ ಇದೇ ದಾರಿ, ಇಲ್ಲವಾದರೆ ಕ್ಯಾಮೆರಾ ಕಪಾಟಿಗೆ, ತಾನು ಮತ್ತೆ ಅಂಗಡಿಗೆ.

ಮೂರು ತಿಂಗಳು ಕಳೆದವು. ನೂರಿಪ್ಪತ್ತು ಫೋಟೋ. ಒಂದೂ ಹೋಗಿರಲಿಲ್ಲ.

ಒಂದು ಮಧ್ಯಾಹ್ನ ಚೀಟಿ ಮಾವ ಅವಳ ಹೆಗಲ ಮೇಲಿಂದ ಇಣುಕಿದರು. ಪರದೆಯ ಮೇಲೆ ಒಂದು ಬಕೆಟ್, ಒರೆಸುವ ಕೋಲು, ಒದ್ದೆ ನೆಲದಲ್ಲಿ ತಲೆಕೆಳಗಾದ ಆಕಾಶ. ಕೆಳಗೆ ಒಂದಿಷ್ಟು ಪದಗಳು.

“ಇವೇನು?”

“ಕೀವರ್ಡ್ ಅಪ್ಪಾ. ಕೊಳ್ಳೋರು ಪದ ಹಾಕಿ ಹುಡುಕ್ತಾರೆ. ನಾವು ಬರೆದ ಪದ, ಅವರು ಹಾಕಿದ ಪದ ಎರಡೂ ಸೇರಿದ್ರೆ ಫೋಟೋ ಅವರ ಕಣ್ಣಿಗೆ ಬೀಳುತ್ತೆ. ಐವತ್ತು ಪದ ಬರೀಬಹುದು.”

ಅವರು ಕನ್ನಡಕ ಸರಿಮಾಡಿಕೊಂಡು ಓದಿದರು. “ಸುಂದರ... ಕಲೆ... ಅದ್ಭುತ... ಜೀವನ... ಇದೇನು ಗುಬ್ಬಿ? ನನ್ನ ಕಿಟಕಿಗೆ ಒಬ್ಬ ಬಂದು, ‘ಸಾರ್, ನನ್ನದೊಂದು ಅದ್ಭುತ ಕಳೆದುಹೋಗಿದೆ, ಕೊಡಿ’ ಅಂದಿದ್ರೆ ನಾನು ಏನು ತೆಗೆದುಕೊಡಬೇಕಿತ್ತು?”

ಗುಬ್ಬಿಗೆ ನಗು ತಡೆಯಲಾಗಲಿಲ್ಲ. ನಕ್ಕು ಮುಗಿದ ಮೇಲೆ ಕುರ್ಚಿ ಬಿಟ್ಟೆದ್ದಳು. “ಬಾ, ಕೂತು ನೀನೇ ಹೇಳು, ನಾನು ಬರೀತೀನಿ.”

ಚೀಟಿ ಮಾವ ಕೂತರು. ಕಣ್ಣು ಮುಚ್ಚಿದರು. ಒಂದು ವರ್ಷದಿಂದ ಬಾಗಿಲು ಹಾಕಿದ್ದ ಆ ಪುಟ್ಟ ಕಿಟಕಿ ರೆಪ್ಪೆಗಳ ಒಳಗೆ ಮೆಲ್ಲಗೆ ತೆರೆದುಕೊಂಡಿತು. ಹೊರಗೆ ಸಾಲು ನಿಂತಿತ್ತು. ಈ ಸಲ ಊರಿನವರಲ್ಲ, ಮುಖ ಕಾಣದಷ್ಟು ದೂರದವರು. ಯಾವುದೋ ಆಸ್ಪತ್ರೆಯ ಗೋಡೆಗೆ ಎಚ್ಚರಿಕೆಯ ಹಲಗೆ ಮಾಡುವವನೊಬ್ಬ ಮುಂದೆ ಬಂದು ಕೇಳಿದ. “ಜಾರುವ ನೆಲ” ಎಂದರು ಚೀಟಿ ಮಾವ, ಕಣ್ಣು ಬಿಡದೆಯೇ. “ಬರಿ ಮಗಳೆ. ಒದ್ದೆ. ಬಕೆಟ್. ನೆಲ ಒರೆಸೋದು. ಯಾರೂ ಇಲ್ಲದ ಮೊಗಸಾಲೆ. ಶುಚಿ. ಬೆಳಗಿನ ಕೆಲಸ. ಪ್ರತಿಬಿಂಬ.” ಸಾಲು ಮುಂದೆ ಸರಿಯಿತು. ಶಾಲೆಯ ಮೇಡಂ ಒಬ್ಬರು, ಸೋಪು ಮಾರುವವರು, ಕಥೆಗೆ ಚಿತ್ರ ಹುಡುಕುವ ಸಂಪಾದಕಿ. ಒಬ್ಬೊಬ್ಬರೂ ಒಂದೊಂದು ಪದವನ್ನು ಕಿಟಕಿಯ ಕಟ್ಟೆಯ ಮೇಲಿಟ್ಟು ಹೋದರು.

ಆಮೇಲೆ ದಿನವೂ ಹೀಗೆಯೇ. ಚಿತ್ರದಲ್ಲಿ ಇಲ್ಲದ್ದನ್ನು ಅವರು ಬರೆಯಗೊಡುತ್ತಿರಲಿಲ್ಲ. “ಸಮುದ್ರ ಅಂತ ಹಾಕಿದ್ರೆ ತುಂಬ ಜನ ಬರ್ತಾರಪ್ಪ” ಎಂದು ಗುಬ್ಬಿ ಆಸೆಪಟ್ಟರೆ, “ಬಂದು ಕೆರೆ ನೋಡಿ ಬೈಕೊಂಡು ಹೋಗ್ತಾರೆ” ಎನ್ನುತ್ತಿದ್ದರು. ಚಿತ್ರದಲ್ಲಿ ಎಷ್ಟು ಜನ, ಯಾವ ವಯಸ್ಸು, ಯಾವ ಹೊತ್ತು, ಮೇಲಿಂದ ತೆಗೆದದ್ದೋ ಹತ್ತಿರದಿಂದಲೋ, ನೋಡಿದವರಿಗೆ ಯಾವ ನೆನಪು ಬರಬಹುದು, ಎಲ್ಲವೂ ಪದವಾದವು. ಹೇಳಿ ಮುಗಿಸಿದ ಮೇಲೆ ಅವರು ಜೇಬಿನಿಂದ ಸಣ್ಣ ಕಾಗದ ತೆಗೆದು ಏನೋ ಗೀಚಿ, ಮಡಚಿ, ಬಿಸ್ಕತ್ತಿನ ಹಳೆಯ ಡಬ್ಬಿಗೆ ಹಾಕುತ್ತಿದ್ದರು. ಗುಬ್ಬಿ ಅದನ್ನು ನೋಡುತ್ತಿದ್ದಳು, ಕೇಳಲಿಲ್ಲ. ಅಪ್ಪ ಕಾಗದ ಮಡಚುವುದು ಅವಳಿಗೆ ಹುಟ್ಟಿನಿಂದ ಕಂಡದ್ದೇ.

ಒಂದು ಫೋಟೋ ಮಾತ್ರ ತಡವಾಯಿತು. ಕಿಟಕಿಯ ಬಳಿಯ ಬೆತ್ತದ ಕುರ್ಚಿ. ಅದರ ಬೆನ್ನಿಗೆ ಅಮ್ಮನ ನೀಲಿ ಸ್ವೆಟರ್. ಬೆಳಗಿನ ಬಿಸಿಲು ಬೆತ್ತದ ಕಣ್ಣುಗಳಿಂದ ಇಳಿದು ನೆಲದ ಮೇಲೆ ಜೇನುಗೂಡು ಹೆಣೆದಿತ್ತು. ಚೀಟಿ ಮಾವ ತುಂಬ ಹೊತ್ತು ಕಣ್ಣು ಮುಚ್ಚಿ ಕೂತರು. “ಕುರ್ಚಿ. ಬೆತ್ತ. ಕಿಟಕಿ. ಬಿಸಿಲು. ನೆರಳು. ಸ್ವೆಟರ್. ನೀಲಿ. ಬೆಳಿಗ್ಗೆ. ಮನೆ.” ಇಷ್ಟು ಹೇಳಿ ಎದ್ದು ನೀರು ಕುಡಿಯಲು ಹೋದರು.

ನಾಲ್ಕನೆಯ ತಿಂಗಳು ಮುಗಿಯಲು ಆರು ದಿನ ಉಳಿಯಿತು. ಜನ ಬಂದು ನೋಡಿ ಹೋಗುವ ಲೆಕ್ಕವನ್ನು ತಾಣ ತೋರಿಸುತ್ತಿತ್ತು. ಮೊದಲಿಗಿಂತ ಹೆಚ್ಚು ಜನ ಬರುತ್ತಿದ್ದರು, ನೋಡುತ್ತಿದ್ದರು, ಹೋಗುತ್ತಿದ್ದರು. ಕೆಳಗಿನಿಂದ ತಂಗಿ ಕೂಗಿದಳು: “ಅಣ್ಣಾ, ನಿನ್ನ ಗಿರಾಕಿಗಳು ಇನ್ನೂ ಸಾಲಲ್ಲಿ ನಿಂತಿದ್ದಾರೋ, ಮನೆಗೆ ಹೋದರೋ?”

“ನೀನು ಗುಂಡಿ ಹೊಲಿ ತಾಯಿ!” ಎಂದು ಚೀಟಿ ಮಾವ ಮೇಲಿನಿಂದ ಉತ್ತರ ಕೊಟ್ಟರು. ಆದರೆ ದನಿಯಲ್ಲಿ ಕಸುವಿರಲಿಲ್ಲ.

ಆ ಸಂಜೆ ಗುಬ್ಬಿಗೆ ಏನೋ ತೋಚಿತು. ಕೊಳ್ಳುವವಳ ಹಾಗೆ ತಾನೇ ತಾಣದೊಳಗೆ ಹೋಗಿ ಹುಡುಕಿ ನೋಡೋಣವೆಂದು ಕೂತಳು. ಅವಳಿಗೆ ಎಲ್ಲಕ್ಕಿಂತ ಇಷ್ಟವಾದ ಫೋಟೋ ಒಂದಿತ್ತು: ಉದ್ಯಾನದ ಬೆಂಚಿನ ಮೇಲೆ ಒಬ್ಬ ಅಜ್ಜ, ಕೋಟು, ಟೋಪಿ, ಗಂಭೀರ ಮುಖ, ಕೈಯಲ್ಲಿ ಒಂದು ಹಳದಿ ಬಲೂನು. ‘ಅಜ್ಜ, ಬಲೂನು’ ಎಂದು ಹಾಕಿದಳು. ಸಾವಿರ ಚಿತ್ರ ಬಂದವು, ಅವಳದ್ದು ಬರಲಿಲ್ಲ. ‘ಹಳದಿ ಬಲೂನು, ಬೆಂಚು’ ಎಂದಳು. ಬರಲಿಲ್ಲ. ತನ್ನ ಫೋಟೋದ ಪುಟ ತೆರೆದು, ಅಪ್ಪ ಹೇಳಿ ಬರೆಸಿದ್ದ ನಲವತ್ತೆಂಟು ಪದಗಳ ಮೇಲೆ ಬೆರಳಾಡಿಸಿದಳು. ಕೋಟು ಇತ್ತು, ಟೋಪಿ ಇತ್ತು, ಒಣಗಿದ ಎಲೆ ಸಹ ಇತ್ತು.

“ಅಪ್ಪಾ, ಬಲೂನು ಎಲ್ಲಿ?”

“ಅಜ್ಜನ ಕೈಯಲ್ಲಿ.”

“ಪದದಲ್ಲಿ ಎಲ್ಲಿ?”

ಚೀಟಿ ಮಾವ ಅವಳನ್ನು ಅಚ್ಚರಿಯಿಂದ ನೋಡಿದರು. “ಅದು ಗುರುತಲ್ವೇನೆ? ಅದನ್ನ ಹಲಗೆ ಮೇಲೆ ಬರೆದುಬಿಟ್ರೆ ದಾರೀಲಿ ಹೋಗೋರೆಲ್ಲ ಬಂದು ನಂದೇ ಅನ್ನಲ್ವಾ?”

ಗುಬ್ಬಿ ಕುರ್ಚಿಯನ್ನು ಅವರ ಕಡೆ ತಿರುಗಿಸಿದಳು.

“ಅಪ್ಪಾ,” ಎಂದಳು ಗುಬ್ಬಿ, ಒಂದೊಂದೇ ಪದ ಬಿಡಿಸಿ, “ದಾರೀಲಿ ಹೋಗೋರೆಲ್ಲ ಬಂದು ನಂದೇ ಅನ್ನಲಿ ಅಂತ್ಲೇ ನಾವು ಅಂಗಡಿ ಇಟ್ಟಿರೋದು!”

ಚೀಟಿ ಮಾವ ಬಿಸ್ಕತ್ತಿನ ಡಬ್ಬಿಯ ಕಡೆ ತಿರುಗಿ ನೋಡಿದರು. ಗುಬ್ಬಿ ಮೊದಲು ನಕ್ಕಳು, ಆಮೇಲೆ ನಗುತ್ತಲೇ ಅವಳ ಕಣ್ಣು ತುಂಬಿತು. “ಮೂರು ವಾರ ಅಪ್ಪಾ. ನೀನು ಹೇಳಿದ್ದೆಲ್ಲ ಸರಿ ಅಂತ ಮೂರು ವಾರ ಬರೆದೆ. ಇನ್ನು ಆರು ದಿನ ಇದೆ.” ಅವಳು ಅಷ್ಟೇ ಹೇಳಿ ಮುಖ ತೊಳೆಯಲು ಹೋದಳು. ಗದರಿದ್ದರೆ ಅವರಿಗೆ ಹಗುರಾಗುತ್ತಿತ್ತು. ಸಿಕ್ಕಿದ ಸಾಮಾನನ್ನು ಮೂವತ್ತೊಂದು ವರ್ಷ ಒಡೆಯರಿಗೆ ತಲುಪಿಸಿದ ಕೈ, ಮನೆಯ ಮಗಳ ಸಾಮಾನನ್ನು ತಾನೇ ಬಚ್ಚಿಟ್ಟುಬಿಟ್ಟಿತ್ತು.

ಮರುದಿನ ಬೆಳಿಗ್ಗೆ ಅವಳು ಏಳುವ ಮೊದಲೇ ಅವರು ಬಿಸ್ಕತ್ತಿನ ಡಬ್ಬಿಯನ್ನು ಮೇಜಿನ ಮೇಲಿಟ್ಟು ಕಾಯುತ್ತಿದ್ದರು.

“ನೂರಿಪ್ಪತ್ತೂ ಇದರಲ್ಲಿವೆ,” ಎಂದರು ನೆಲ ನೋಡುತ್ತ. “ಒಂದೂ ಕಳೆದಿಲ್ಲ.”

ಅವಳು ಡಬ್ಬಿ ಬಗ್ಗಿಸಿದಳು. ಮಡಚಿದ ಚೀಟಿಗಳು ಬಿಳಿ ಚಿಟ್ಟೆಗಳ ಹಾಗೆ ಮೇಜಿನ ತುಂಬ ಹರಡಿಕೊಂಡವು. ಒಂದೊಂದಾಗಿ ಬಿಡಿಸಿದರು. ‘ಹಳದಿ ಬಲೂನು.’ ‘ಬಕೆಟ್ಟಿನ ನೀರಿನಲ್ಲಿ ವಿಮಾನ.’ ‘ಎಡಗೈ ಕ್ಷೌರಿಕ.’ ‘ಒಂದೇ ಕೊಡೆಯಲ್ಲಿ ಮೂರು ಹುಡುಗಿಯರು.’ ‘ಗಾಜಿನ ಆಚೆ ನಿದ್ದೆಹೋದ ಬೆಕ್ಕು.’ ಓದುತ್ತ ಓದುತ್ತ ಗುಬ್ಬಿಯ ಸಿಟ್ಟು ಎಲ್ಲಿ ಹೋಯಿತೋ. ಅವಳು ಕ್ಯಾಮೆರಾ ಎತ್ತಿದ್ದೇ ಇವುಗಳಿಗಾಗಿ. ಒಂದೊಂದು ಸಲ ಬೆರಳು ಒತ್ತುವಂತೆ ಮಾಡಿದ್ದು ಯಾವುದೋ, ಅದನ್ನೇ ಹುಡುಕಿ ಅಪ್ಪ ಮಡಚಿಟ್ಟಿದ್ದರು. ಈ ಲೋಕದಲ್ಲಿ ತನ್ನ ಫೋಟೋವನ್ನು ಇಷ್ಟು ಚೆನ್ನಾಗಿ ನೋಡಿದವರು ಇನ್ನೊಬ್ಬರಿಲ್ಲ ಎಂದು ಅವಳಿಗೆ ಅನಿಸಿತು.

ಮುಚ್ಚಿಟ್ಟ ಗುರುತು ಇನ್ನು ಮೇಲೆ ಪಟ್ಟಿಯ ಮೊದಲ ಪದ. ಅವರು ಓದಿದರು, ಅವಳು ಏರಿಸಿದಳು. ನಾಲ್ಕು ದಿನ ಹಿಡಿಯಿತು. ಕೊನೆಗೆ ಉಳಿದದ್ದು ಒಂದೇ ಚೀಟಿ. ಬಿಡಿಸಿದರೆ ಅದರಲ್ಲಿ ಏನೂ ಇರಲಿಲ್ಲ.

“ಇದು ಯಾವುದು?”

“ಕುರ್ಚಿದು. ಅದಕ್ಕೆ ಗುರುತು ಸಿಗಲಿಲ್ಲ.”

ಗುಬ್ಬಿ ಪಟ್ಟಿಯನ್ನು ನೋಡಿದಳು. ಯಾವ ಪದ ಇಲ್ಲ ಎಂದು ಅವಳಿಗೆ ನೋಡಿದ ಕೂಡಲೆ ತಿಳಿಯಿತು. ನಾಲಿಗೆಯ ತುದಿಗೆ ಬಂದದ್ದನ್ನು ನುಂಗಿಕೊಂಡಳು. “ಸಿಕ್ಕಾಗ ನೀನೇ ಹಾಕು,” ಎಂದು ಆ ಚೀಟಿಯನ್ನು ಮತ್ತೆ ಮಡಚಿ ಅವರ ಜೇಬಿಗಿಟ್ಟಳು.

ತಿಂಗಳ ಕೊನೆಯ ದಿನವೂ ಒಂದೂ ಫೋಟೋ ಹೋಗಲಿಲ್ಲ. ಮಧ್ಯಾಹ್ನ ಗುಬ್ಬಿ ಕ್ಯಾಮೆರಾವನ್ನು ಬಟ್ಟೆಯಲ್ಲಿ ಸುತ್ತಿ ಕಪಾಟಿನಲ್ಲಿಟ್ಟು, ಅಂಗಡಿಯ ಹಳೆಯ ಏಪ್ರನ್‌ಗೆ ಇಸ್ತ್ರಿ ಹಾಕಲು ಅತ್ತೆಯ ಹತ್ತಿರ ಕೆಳಗಿಳಿದಳು. ಅತ್ತೆ ಅಂದು ಚುಚ್ಚುಮಾತು ಆಡಲಿಲ್ಲ. ಅದೇ ಚೀಟಿ ಮಾವನಿಗೆ ಹೆಚ್ಚು ಚುಚ್ಚಿತು.

ಮೇಲೆ ಅವರೊಬ್ಬರೇ. ಬೆಳಗಿನ ಬಿಸಿಲು ಕುರ್ಚಿಯನ್ನು ಬಿಟ್ಟು ಹೋಗಿತ್ತು. ಈ ಎರಡು ವರ್ಷದಲ್ಲಿ ಅವರು ಆ ಕುರ್ಚಿಯ ಧೂಳು ಒರೆಸಿದ್ದರು, ಸ್ವೆಟರನ್ನು ಒದರಿ ಮತ್ತೆ ಹಾಗೇ ಹಾಕಿದ್ದರು; ಕೂತಿರಲಿಲ್ಲ. ಕೂತಿರುವವರ ಜಾಗದಲ್ಲಿ ಯಾರಾದರೂ ಹೋಗಿ ಕೂರುತ್ತಾರೆಯೇ? ಇವತ್ತು, ಅಪ್ಪಣೆ ಕೇಳಿಕೊಂಡಂತೆ ಒಂದು ಕ್ಷಣ ನಿಂತು, ಮೆಲ್ಲಗೆ ಕೂತರು.

ನಿಂತವರಿಗೆ ಆ ಕಿಟಕಿಯಿಂದ ಎದುರುಮನೆಯ ತಗಡಿನ ಮಾಡು ಬಿಟ್ಟು ಬೇರೇನೂ ಕಾಣದು. ಕೂತವರಿಗೆ ಮಾಡಿನ ಅಡಿಯಿಂದ ಒಂದು ಸಂದು ತೆರೆದುಕೊಳ್ಳುತ್ತಿತ್ತು. ಸಂದಿನ ಕೊನೆಯಲ್ಲಿ, ಬೆರಳುಗುರಿನಷ್ಟು ಸಣ್ಣದಾಗಿ, ನಿಲ್ದಾಣದ ಗಡಿಯಾರ. ಅದರ ಕೆಳಗೆ ಒಂದು ಚೌಕದ ಚುಕ್ಕೆ. ಚೀಟಿ ಮಾವ ಕನ್ನಡಕ ಒರೆಸಿ ಮತ್ತೆ ನೋಡಿದರು. ಅದು ಅವರ ಕಿಟಕಿ.

ಹಾಗಾದರೆ ಹೆಂಡತಿ ಇಲ್ಲಿ ಕೂತು ಸ್ವೆಟರ್ ಹೆಣೆಯುತ್ತ ನೋಡುತ್ತಿದ್ದದ್ದು ಬೀದಿಯನ್ನಲ್ಲ. ಸಂಜೆ ಅವರು ಕಿಟಕಿ ಮುಚ್ಚಿದ್ದು ಕಂಡೊಡನೆ ಒಲೆ ಹಚ್ಚುತ್ತಿದ್ದಳು. ಮೆಟ್ಟಿಲು ಹತ್ತುವಷ್ಟರಲ್ಲಿ ಚಹಾ ಕುದಿಯುತ್ತಿತ್ತು. ‘ಅದು ಹೇಗೆ ಇಷ್ಟು ಸರಿಯಾಗಿ?’ ಎಂದು ಕೇಳಿದಾಗಲೆಲ್ಲ, ‘ಅದು ನನ್ನ ಮುಚ್ಚಿಟ್ಟ ಗುರುತು’ ಎಂದು ನಗುತ್ತಿದ್ದಳು. ಅವರು ತಮಾಷೆ ಎಂದುಕೊಂಡಿದ್ದರು.

ಈಗ ಆ ಚೌಕದ ಚುಕ್ಕೆಗೆ ಹಲಗೆ ಬಡಿದಿತ್ತು. ಒಳಗೆ ಯಾರೂ ಇರಲಿಲ್ಲ. ಚೀಟಿ ಮಾವ ಎದ್ದು ನಿಂತು, ಎರಡು ಹೆಜ್ಜೆ ಹಿಂದೆ ಸರಿದು, ತಿರುಗಿ ಕುರ್ಚಿಯನ್ನು ನೋಡಿದರು. ಬೆತ್ತ, ಕಿಟಕಿ, ನೀಲಿ ಸ್ವೆಟರ್. ಎರಡು ವರ್ಷದಲ್ಲಿ ಮೊದಲ ಬಾರಿಗೆ ಅದರಲ್ಲಿ ಯಾರೂ ಕೂತಿಲ್ಲವೆಂಬುದು ಅವರ ಕಣ್ಣಿಗೆ ಕಂಡಿತು.

ಕಂಪ್ಯೂಟರಿನ ಮುಂದೆ ಹೋಗಿ, ಕುರ್ಚಿಯ ಫೋಟೋದ ಪುಟ ತೆರೆದು, ಪಟ್ಟಿಯ ಮೊದಲಿಗೆ ಒಂದು ಪದವನ್ನು ಒಂದೇ ಬೆರಳಿನಲ್ಲಿ ಒತ್ತಿದರು. ‘ಖಾಲಿ.’ ಜೇಬಿನ ಚೀಟಿ ತೆಗೆದು ಅದರ ಮೇಲೂ ಬರೆದರು. ಮಡಚಲಿಲ್ಲ.

ಮರುದಿನ ಒಂದನೇ ತಾರೀಖು. ಗುಬ್ಬಿ ಒಂಬತ್ತಕ್ಕೇ ಅಂಗಡಿಗೆ ಹೋದಳು. ಚೀಟಿ ಮಾವ ಡಬ್ಬಿಗಳ ಚೀಟಿಗಳನ್ನು ಸುಮ್ಮನೆ ಓದುತ್ತ ಅಡುಗೆಮನೆಯಲ್ಲಿ ಅತ್ತಿತ್ತ ಸುಳಿದರು. ಹತ್ತೂವರೆಗೆ ಒಳಗಿನಿಂದ ಟಿಣ್ ಎಂದಿತು. ಬಂದು ನೋಡಿದರೆ ಪರದೆಯ ಮೂಲೆಯಲ್ಲಿ ಸೊನ್ನೆ ಇದ್ದ ಕಡೆ ಒಂದು ಇತ್ತು. ಪಕ್ಕದಲ್ಲಿ ಕುರ್ಚಿಯ ಪುಟ್ಟ ಚಿತ್ರ, ಅದರ ಕೆಳಗೆ ಕೊಂಡವರು ಹುಡುಕಿದ ಪದಗಳು: ಖಾಲಿ ಕುರ್ಚಿ, ಬೆಳಗಿನ ಬೆಳಕು.

ಮೆಟ್ಟಿಲನ್ನು ಹೇಗೆ ಇಳಿದರೋ, ಕೆಳಗೆ ಕಾಲಿಗೆ ಯಾವ ಚಪ್ಪಲಿ ಮೆಟ್ಟಿದರೋ ಅವರಿಗೇ ತಿಳಿಯದು. “ಅಣ್ಣಾ, ಮನೆಗೆ ಬೆಂಕಿ ಬಿತ್ತಾ?” ಎಂದು ತಂಗಿ ಕೂಗಿದ್ದೂ ಕೇಳಿಸಲಿಲ್ಲ. ಔಷಧದಂಗಡಿ, ಬೀಗ ರಿಪೇರಿಯವನ ಗೂಡು, ಕನ್ನಡಿ ಅಂಗಡಿ ದಾಟಿದರು. ಕನ್ನಡಿಗಳಲ್ಲಿ ಏಳೆಂಟು ಚೀಟಿ ಮಾವಂದಿರು ಒಟ್ಟಿಗೆ ಓಡಿದರು. ಪ್ರಿಂಟ್ ಅಂಗಡಿಯ ಬಾಗಿಲಲ್ಲಿ ಏದುಸಿರು ಬಿಡುತ್ತ ನಿಂತಾಗ ಗುಬ್ಬಿ ಏಪ್ರನ್ನಿನ ಗಂಟು ಹಾಕಿ, ಯಾರದೋ ಫೋಟೋಗಳನ್ನು ಲಕೋಟೆಗೆ ತುಂಬುತ್ತಿದ್ದಳು.

“ಬಂದ್ರು,” ಎಂದರು ಚೀಟಿ ಮಾವ.

“ಯಾರು?”

“ವಾರಸುದಾರರು. ಕುರ್ಚಿದು.”

ಗುಬ್ಬಿಯ ಕೈ ಹಾಗೇ ನಿಂತಿತು. “ಗುರುತು ಹೇಳಿದ್ರಾ?”

“ಹೇಳಿದ್ರು. ಸರಿಯಾಗಿ ಹೇಳಿದ್ರು.” ಅವರು ಬಾಗಿಲಿಗೆ ಒರಗಿದರು. “ಅವರ ಮನೇಲೂ ಒಂದು ಇರಬೇಕು ಕಣೇ, ಅಂಥ ಕುರ್ಚಿ.”

ಅಂಗಡಿಯ ಯಜಮಾನ ಅಪ್ಪ ಮಗಳನ್ನು ಒಂದು ಸಲ ನೋಡಿ, ತಾನೇ ಬಂದು ಗುಬ್ಬಿಯ ಏಪ್ರನ್ನಿನ ಗಂಟು ಬಿಚ್ಚಿದ. “ಫೋಟೋ ಮಾರಾಟ ಆಯ್ತು ಅನ್ನು. ಒಂದೂವರೆ ಗಂಟೆ ಕೆಲಸ ಮಾಡಿದ್ದೀಯ. ಇಷ್ಟು ಕಡಿಮೆ ಹೊತ್ತಿನ ಕೆಲಸದವಳನ್ನ ನಾನು ಕಂಡೇ ಇಲ್ಲ. ಹೋಗಮ್ಮ, ಹೋಗು. ಪ್ರಿಂಟ್ ಹಾಕಿಸೋಕೆ ಮಾತ್ರ ಬೇರೆ ಅಂಗಡಿಗೆ ಹೋಗಬೇಡ.”

ಇಬ್ಬರೂ ಮನೆಯ ದಾರಿ ಹಿಡಿದರು. ಕೊಂಡವರು ಯಾರು, ಯಾವ ಊರು ಎಂದು ತಾಣ ಹೇಳುವುದಿಲ್ಲ. ಆ ಫೋಟೋ ಯಾವ ಪುಸ್ತಕದ ಹಾಳೆಯಲ್ಲೋ, ಯಾವ ಗೋಡೆಯ ಮೇಲೋ. ಎಲ್ಲಿದ್ದರೂ ಅಲ್ಲಿ ಬೆಳಗಾಗಿಯೇ ಇರುತ್ತದೆ ಎಂದುಕೊಂಡರು ಚೀಟಿ ಮಾವ.

ಮನೆಯ ಮೆಟ್ಟಿಲು ಹತ್ತಿ ಅವರು ಒಳಗೆ ಹೋದರು. ಗುಬ್ಬಿ ಮಾತ್ರ ಹೊಸ್ತಿಲಲ್ಲೇ ನಿಂತಳು. ಅಪ್ಪ ಬಿಟ್ಟ ಚಪ್ಪಲಿಗಳನ್ನು ನೋಡಿದಳು, ಬಾಯಿಗೆ ಕೈ ಅಡ್ಡ ಹಿಡಿದಳು, ಕಪಾಟಿಗೆ ಓಡಿ ಕ್ಯಾಮೆರಾ ಬಿಚ್ಚಿ ತಂದಳು. ಹೊಸ್ತಿಲ ಬಿಸಿಲಿನಲ್ಲಿ ಒಂದು ಹಿಮ್ಮಡಿ ಸವೆದ ಕಂದು ಚಪ್ಪಲಿ. ಅದರ ಪಕ್ಕದಲ್ಲಿ ಜೋಡಿಯಂತೆ ನಿಂತದ್ದು ಕೆಳಮನೆಯ ಅತ್ತೆಯ ನೇರಳೆ ಹೂವಿನ ಚಪ್ಪಲಿ.

“ಅಣ್ಣಾ! ನನ್ನ ಬಲಗಾಲಿನ ಚಪ್ಪಲಿ ಯಾವ ಕಳ್ಳ ಹೊತ್ತ?” ಕೆಳಗಿನಿಂದ ದನಿ ಬಂತು.

“ಗುರುತು ಹೇಳಿ ತಗೊಂಡು ಹೋಗು!” ಎಂದು ಕೂಗಿ ಚೀಟಿ ಮಾವ ಕಂಪ್ಯೂಟರಿನ ಮುಂದೆ ಕೂತರು. ಕಣ್ಣು ಮುಚ್ಚಿದರು. ಕಿಟಕಿ ತೆರೆಯಿತು, ಸಾಲು ನಿಂತಿತು.

“ಹೇಳು ಅಪ್ಪಾ. ಚಪ್ಪಲಿ, ಹೊಸ್ತಿಲು, ಬಿಸಿಲು...”

“ಅದೆಲ್ಲ ಆಮೇಲೆ,” ಎಂದರು ಅವರು. “ಮೊದಲು ಬರಿ: ಒಂದು ನಂದು, ಒಂದು ನಂದಲ್ಲ.”